ಇಂಡಿಕೇಟರ್ ಗ್ಲಾಸ್ ಬಿಳಿಯಾದರೆ ಆಗಲಿ, ಬೆಳಕು ಮಾತ್ರ ಕಿತ್ತಳೆಯೇ ಬರಲಿ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಅಪ್ಪ ಕೊಂಡ 1996ರ ಮಾರುತಿ 800 ಇದೆ. ಕೆಎ-06 ನಂಬರ್. ಎಂಜಿನ್ ಇನ್ನೂ ಚೆನ್ನಾಗಿದೆ, ಮಾರೋಣ ಅಂದರೆ ಅಪ್ಪ ಒಪ್ಪುವುದಿಲ್ಲ. ಹೆಡ್‌ಲೈಟ್ ಪಕ್ಕದ ಕಿತ್ತಳೆ ಇಂಡಿಕೇಟರ್ ಗ್ಲಾಸ್ ಮಾಸಿಹೋಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಿಳಿ ಕ್ರಿಸ್ಟಲ್ ಗ್ಲಾಸ್ ತಂದು ಇಲ್ಲೇ ಗ್ಯಾರೇಜಿನಲ್ಲಿ ಹಾಕಿಸಿದೆ. ನೋಡೋಕೆ ಚೆನ್ನಾಗಿದೆ, ಆದರೆ ಇಂಡಿಕೇಟರ್ ಈಗ ಬಿಳಿಯಾಗಿ ಮಿನುಗುತ್ತಿದೆ. ಆರೆಂಜ್ ಬಲ್ಬ್ ತಂದರೆ ಹೋಲ್ಡರ್‌ನಲ್ಲಿ ಕೂರುತ್ತಿಲ್ಲ. ಗ್ಯಾರೇಜಿನವರು ಎಲ್‌ಇಡಿ ಹಾಕಿಬಿಡಿ ಅಂತಾರೆ. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂತು. ಜೊತೆಗೆ ಇನ್ನೊಂದು ವಿಷಯ. ನನ್ನ ಸ್ನೇಹಿತನ ಹಳೆಯ ಸೆಡಾನ್‌ನಲ್ಲಿ ಇಂಡಿಕೇಟರ್ ಹೆಡ್‌ಲೈಟ್ ಒಳಗೇ ಇದೆ, ಒಳಗಡೆ ಕಿತ್ತಳೆ ಪ್ಲಾಸ್ಟಿಕ್ ಕಾಣುತ್ತದೆ. ಹೆಡ್‌ಲೈಟನ್ನು ಓವನ್‌ನಲ್ಲಿಟ್ಟು ಬಿಚ್ಚಿ ಅದನ್ನು ತೆಗೆಯಬಹುದು ಅಂತ ವಿಡಿಯೋ ನೋಡಿಕೊಂಡು ಕೂತಿದ್ದಾನೆ. ಮಾಡಬಹುದಾ? (ಓದುಗರು, ಬಟವಾಡಿ, ತುಮಕೂರು)

ಉತ್ತರ: ಮೊದಲು ಆ ಬಿಳಿ ಗ್ಲಾಸ್ ಬಿಚ್ಚಿ, ಹಳೆಯ ಮಾಸಿದ ಗ್ಲಾಸನ್ನೇ ವಾಪಸ್ ಹಾಕಿ. ಬಲ್ಬ್ ಸರಿಹೋಗುವ ತನಕ ಅದೇ ಇರಲಿ. ಮಾಸಿದ್ದರೂ ಅದು ಕಿತ್ತಳೆ ಬೆಳಕು ಕೊಡುತ್ತದೆ. ಈಗ ನಿಮ್ಮ ಕಾರು ಓಡಾಡುತ್ತಿರುವ ರೀತಿ ಮಾತ್ರ ಸರಿಯಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಸಂಜೆ ಏಳು ಗಂಟೆಗೆ ಬಿ.ಎಚ್. ರಸ್ತೆಯಲ್ಲಿ ಎದುರಿನಿಂದ ಬರುವ ಗಾಡಿಗಳನ್ನು ನೋಡಿ. ಹೆಡ್‌ಲೈಟ್ ಬಿಳಿ, ಪಾರ್ಕಿಂಗ್ ಲೈಟ್ ಬಿಳಿ, ಬೈಕುಗಳ ಹಗಲು ದೀಪ ಬಿಳಿ, ಅಂಗಡಿ ಬೋರ್ಡ್ ಬಿಳಿ. ಆ ಬಿಳಿಯ ನಡುವೆ ಇನ್ನೊಂದು ಬಿಳಿ ದೀಪ ಹೊತ್ತಿ ಆರಿದರೆ ಯಾರ ಕಣ್ಣಿಗೂ ಬೀಳಲ್ಲ. ಬಿದ್ದರೂ ವೈರ್ ಲೂಸ್ ಆಗಿದೆ ಅಂದುಕೊಳ್ಳುತ್ತಾರೆ, ಅಥವಾ ‘ಮೊದಲು ನೀವು ಹೋಗಿ’ ಅಂತ ಲೈಟ್ ಹೊಡೆದರು ಅಂದುಕೊಳ್ಳುತ್ತಾರೆ. ನೀವು ಬಲಕ್ಕೆ ತಿರುಗಿಸುತ್ತೀರಿ, ಅವರು ನೇರ ಬಂದುಬಿಡುತ್ತಾರೆ. ತಿರುಗುವ ಗಾಡಿಗೆ ಬೇರೆಯದೇ ಬಣ್ಣ ಇಟ್ಟಿರುವುದು ಇದಕ್ಕಾಗಿಯೇ.

ಕಾನೂನು ಹೇಳುವುದೂ ಇದನ್ನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೇ ನಿಯಮ ಇಂಡಿಕೇಟರ್ ಬಗ್ಗೆ ಇದೆ. ದೀಪ ಅಂಬರ್ ಬಣ್ಣದ್ದಾಗಿರಬೇಕು, ಅಂದರೆ ನಾವು ಕಿತ್ತಳೆ ಅಥವಾ ಆರೆಂಜ್ ಅನ್ನುತ್ತೇವಲ್ಲ, ಅದು. ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ, 120ಕ್ಕಿಂತ ಜಾಸ್ತಿಯಿಲ್ಲದೆ ಮಿನುಗಬೇಕು. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೆಸರು ಹೇಳಿ ತುಂಬಾ ಜನ ಹೆದರಿಸುತ್ತಾರೆ, ಗಾಡಿಯಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ ಅಂತ. ಆ ಸೆಕ್ಷನ್‌ನಲ್ಲೇ ವಿವರಣೆ ಇದೆ: ಗಾಡಿಯ ಮೂಲ ಲಕ್ಷಣವೇ ಬದಲಾಗುವ ಹಾಗೆ ಅದರ ರಚನೆ ಬದಲಿಸಿದರೆ ಅದು ಮಾರ್ಪಾಡು. ಇಂಡಿಕೇಟರ್ ಗ್ಲಾಸ್ ಬದಲಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನೀವು ಸಿಕ್ಕಿಬೀಳುವುದು ಗ್ಲಾಸ್ ಬಿಳಿ ಇದೆ ಅಂತಲ್ಲ, ಬೆಳಕು ಬಿಳಿ ಬರುತ್ತಿದೆ ಅಂತ. ಇವತ್ತು ಶೋರೂಮಿನಿಂದ ಹೊರಬರುವ ಎಷ್ಟೋ ಕಾರುಗಳಲ್ಲಿ ಇಂಡಿಕೇಟರ್ ಗ್ಲಾಸ್ ಬಿಳಿಯೇ ಅಲ್ವಾ?

ಅವುಗಳಲ್ಲಿ ಬಣ್ಣ ಎಲ್ಲಿ ಹೋಯಿತು? ಬಲ್ಬ್ ಒಳಗೆ ಹೋಯಿತು. ಹಳೆಯ ಪದ್ಧತಿಯಲ್ಲಿ ಬಿಳಿ ಬಲ್ಬ್, ಅದರ ಮುಂದೆ ಕಿತ್ತಳೆ ಗ್ಲಾಸ್. ಹೊಸದರಲ್ಲಿ ಕಿತ್ತಳೆ ಬಲ್ಬ್, ಮುಂದೆ ಬಿಳಿ ಗ್ಲಾಸ್. ಎರಡರಲ್ಲಿ ಒಂದಾದರೂ ಬಣ್ಣ ಹಾಕಲೇಬೇಕು. ನಿಮ್ಮ ಗ್ಯಾರೇಜಿನವರು ಬಣ್ಣದ ಗ್ಲಾಸ್ ತೆಗೆದರು, ಬಣ್ಣದ ಬಲ್ಬ್ ಹಾಕಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೇ.

ಇಲ್ಲೊಂದು ಅನುಮಾನ ಎಲ್ಲರಿಗೂ ಬರುತ್ತದೆ: ಕಿತ್ತಳೆ ಬಲ್ಬ್ ಮಂಕಾಗಿರುತ್ತದಲ್ಲ? ಲೆಕ್ಕದಲ್ಲಿ ಹೌದು. 12 ವೋಲ್ಟ್, 21 ವ್ಯಾಟ್‌ನ ಬಿಳಿ ಬಲ್ಬ್‌ಗೆ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸುಮಾರು 460 ಲ್ಯೂಮೆನ್ (ಬೆಳಕಿನ ಅಳತೆ) ಬೆಳಕು. ಅದೇ 21 ವ್ಯಾಟ್‌ನ ಕಿತ್ತಳೆ ಬಲ್ಬ್‌ಗೆ 280. ಆದರೆ ಮೊದಲು ಆ 460ರಲ್ಲಿ ಒಂದಷ್ಟನ್ನು ನಿಮ್ಮ ಕಿತ್ತಳೆ ಗ್ಲಾಸ್ ನುಂಗುತ್ತಿತ್ತು. ಈಗ ಬಲ್ಬಿನ ಗಾಜೇ ಆ ಕೆಲಸ ಮಾಡುತ್ತದೆ. ರಸ್ತೆಗೆ ಬರುವ ಬೆಳಕಿನಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ.

ಈಗ ನಿಮ್ಮ ಹೋಲ್ಡರ್ ಜಗಳಕ್ಕೆ ಬರೋಣ. ಕಿತ್ತಳೆ ಬಲ್ಬ್ ಕೂರುತ್ತಿಲ್ಲ ಅಂದರೆ ಬಲ್ಬ್ ಕೆಟ್ಟದ್ದಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಬಿಳಿ ಬಲ್ಬಿನ ಹೆಸರು ಪಿ21ಡಬ್ಲ್ಯೂ. ಅದರ ಹಿತ್ತಾಳೆ ಬುಡದಲ್ಲಿ ಎರಡು ಪುಟ್ಟ ಪಿನ್ ಇರುತ್ತವೆ, ಒಂದಕ್ಕೊಂದು ನೇರ ಎದುರು, 180 ಡಿಗ್ರಿಯಲ್ಲಿ. ಕಿತ್ತಳೆ ಬಲ್ಬ್ ಪಿವೈ21ಡಬ್ಲ್ಯೂ. ಅದರ ಪಿನ್‌ಗಳು 150 ಡಿಗ್ರಿಯಲ್ಲಿ, ಅಂದರೆ ಸ್ವಲ್ಪ ಓರೆ. ಎರಡೂ ಬುಡದ ಅಗಲ 15 ಮಿಲಿಮೀಟರ್. ಕಣ್ಣಳತೆಗೆ ಒಂದೇ ಥರ ಕಾಣುತ್ತವೆ. ಬಿಳಿ ಗ್ಲಾಸಿನ ಇಂಡಿಕೇಟರ್ ಒಳಗೆ ಯಾರೂ ಮರೆತು ಬಿಳಿ ಬಲ್ಬ್ ಹಾಕಬಾರದು ಅಂತಲೇ ಈ ವ್ಯವಸ್ಥೆ. ನಿಮ್ಮದು ಹಳೆಯ ಹೋಲ್ಡರ್, ಹಾಗಾಗಿ ಅದು ನೇರ ಪಿನ್ ಮಾತ್ರ ಒಪ್ಪುತ್ತದೆ.

ಇಲ್ಲಿ ನಮ್ಮ ಕಡೆ ನಡೆಯುವ ಜುಗಾಡ್‌ಗಳನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಇವುಗಳಲ್ಲಿ ಒಂದನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು, ಬಲ್ಬಿನ ಒಂದು ಪಿನ್ ಉಜ್ಜಿ ತೆಗೆದು ತಿರುಚಿ ಕೂರಿಸುವುದು. ಬಲ್ಬ್ ಹೊತ್ತುತ್ತದೆ. ಆದರೆ ಒಂದೇ ಪಿನ್ ಮೇಲೆ ನೇತಾಡುತ್ತದೆ, ಫಿಲಮೆಂಟ್, ಅಂದರೆ ಒಳಗೆ ಉರಿಯುವ ತಂತಿ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಎರಡು ಹಂಪ್ ಹಾರಿಸಿದರೆ ಕಾಂಟ್ಯಾಕ್ಟ್ ಬಿಟ್ಟುಹೋಗುತ್ತದೆ. ಇನ್ನೊಂದು, ಬೈಕಿನ ಕಿತ್ತಳೆ ಬಲ್ಬ್. ಬೈಕ್ ಅಂಗಡಿಯಲ್ಲಿ ನೇರ ಪಿನ್‌ನ ಕಿತ್ತಳೆ ಬಲ್ಬ್ ಸುಲಭವಾಗಿ ಸಿಗುತ್ತದೆ, ನಿಮ್ಮ ಹೋಲ್ಡರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅದು 10 ವ್ಯಾಟ್. ಬೆಳಕು ಮೂರನೇ ಒಂದು ಭಾಗವೂ ಇಲ್ಲ. ಹಗಲಿನಲ್ಲಿ ಇಂಡಿಕೇಟರ್ ಹಾಕಿದ್ದೀರೋ ಇಲ್ಲವೋ ಗೊತ್ತಾಗಲ್ಲ. ಲೋಡ್ ಕಡಿಮೆಯಾದ್ದರಿಂದ ಇಂಡಿಕೇಟರನ್ನು ಮಿನುಗಿಸುವ ಫ್ಲಾಶರ್ ಕೂಡ ತಾಳ ತಪ್ಪುತ್ತದೆ. ಮೂರನೆಯದು ನಗು ಬರಿಸುವಂಥದ್ದು. ಬಿಳಿ ಬಲ್ಬ್‌ಗೆ ಕಿತ್ತಳೆ ನೇಲ್ ಪಾಲಿಶ್ ಬಳಿಯುವುದು! 21 ವ್ಯಾಟ್ ಬಲ್ಬಿನ ಗಾಜು ಕೈ ಸುಡುವಷ್ಟು ಕಾಯುತ್ತದೆ. ಬಣ್ಣ ಮೊದಲು ಕಂದು ತಿರುಗಿ, ಆಮೇಲೆ ಹೊಪ್ಪಳೆ ಎದ್ದು ಉದುರುತ್ತದೆ.

ಸರಿಯಾದ ದಾರಿ ಹೋಲ್ಡರ್ ಬದಲಿಸುವುದು. ಓರೆ ಪಿನ್‌ನ ಹೋಲ್ಡರ್ ಬಿಡಿಯಾಗಿ ಸಿಗುತ್ತದೆ. ಸಿಗದಿದ್ದರೆ ಗುಜರಿಯಲ್ಲಿ ಬಿಳಿ ಇಂಡಿಕೇಟರ್ ಇರುವ ಯಾವುದಾದರೂ ಕಾರಿನದ್ದು ಹುಡುಕಿ. ನಿಮ್ಮ ಹೊಸ ಗ್ಲಾಸಿನ ಹಿಂದಿರುವ ತೂತಿಗೆ ಅದು ಬಿಗಿಯಾಗಿ ಕೂರಬೇಕು, ರಬ್ಬರ್ ವಾಷರ್ ಇರಬೇಕು. ಹೋಲ್ಡರ್ ಕೊಳ್ಳಲು ಹೋಗುವಾಗ ಗ್ಲಾಸನ್ನೂ ಬಲ್ಬನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಂಗಡಿಯವರ ನೆನಪಿನ ಮೇಲೆ ನಂಬಿಕೆ ಇಡಬೇಡಿ. ವೈರ್ ಸೇರಿಸುವಾಗ ಸುಮ್ನೆ ತಿರುಚಿ ಟೇಪ್ ಸುತ್ತಿಸಬೇಡಿ. ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಹೆಡ್‌ಲೈಟ್ ಪಕ್ಕದ ಜಾಗ ಮಳೆಗಾಲದಲ್ಲಿ ಒದ್ದೆ, ಬೇಸಿಗೆಯಲ್ಲಿ ಧೂಳು. ಟೇಪಿನ ಅಂಟು ಎರಡನ್ನೂ ತಡೆಯುವುದಿಲ್ಲ.

ನೇರ ಪಿನ್‌ನಲ್ಲೇ 21 ವ್ಯಾಟ್‌ನ ಕಿತ್ತಳೆ ಬಲ್ಬ್ ಕೆಲವು ಕಡೆ ಸಿಗುತ್ತದೆ. ವ್ಯಾಟ್ ಸರಿಯಿದ್ದರೆ ಸದ್ಯಕ್ಕೆ ಅದೂ ನಡೆಯುತ್ತದೆ. ಆದರೆ ಅದು ಸುಟ್ಟ ದಿನ ದಾರಿಯಲ್ಲಿ ಯಾರೋ ಮೆಕ್ಯಾನಿಕ್ ಬಿಳಿಯದ್ದು ಹಾಕಿ ಕಳಿಸುತ್ತಾನೆ, ಮತ್ತೆ ಇದೇ ಕಥೆ. ಬಲ್ಬ್ ಕೊಳ್ಳುವಾಗ ಹೆಸರಿರುವ ಕಂಪನಿಯದ್ದೇ ತಗೊಳ್ಳಿ. ಅಗ್ಗದ ಬಲ್ಬಿನ ಮೇಲಿನ ಬಣ್ಣ ತೆಳುವಾದ ಲೇಪ, ಕಾದು ಕಾದು ಬಿಳಚುತ್ತದೆ. ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ತಿಳಿ ಹಳದಿ ಮಿನುಗುವ ಕಾರುಗಳನ್ನು ನೀವೂ ನೋಡಿರುತ್ತೀರಿ.

ಇನ್ನು ಅಂದದ ಮಾತು. ಬಿಳಿ ಗ್ಲಾಸ್ ಹಾಕಿಸಿದವರಿಗೆಲ್ಲ ಆಮೇಲೆ ಒಂದು ಬೇಜಾರು ಶುರುವಾಗುತ್ತದೆ. ಲೈಟ್ ಹಾಕದಿದ್ದಾಗಲೂ ಒಳಗಿನ ಕಿತ್ತಳೆ ಬಲ್ಬ್ ಕಾಣುತ್ತದೆ. ಹೊಳೆಯುವ ರಿಫ್ಲೆಕ್ಟರ್ ನಡುವೆ ಹೋಟೆಲಿನ ಬುಲ್ಸ್‌ಐ ಥರ ಹಳದಿ ಬೊಟ್ಟು. ಅದಕ್ಕೂ ಮದ್ದಿದೆ. ಬೆಳ್ಳಿಯ ಹಾಗೆ ಹೊಳೆಯುವ ಲೇಪದ ಬಲ್ಬ್‌ಗಳು ಬರುತ್ತವೆ. ಆರಿದ್ದಾಗ ಕನ್ನಡಿಯಂತೆ ಬಿಳಿ, ಹೊತ್ತಿದಾಗ ಕಿತ್ತಳೆ. ಫಿಲಿಪ್ಸ್‌ನ ಸಿಲ್ವರ್‌ವಿಷನ್, ಓಸ್ರಾಮ್‌ನ ಡಯಾಡೆಮ್ ಈ ಜಾತಿಯವು. ಬೆಲೆ ಮಾಮೂಲಿ ಬಲ್ಬ್‌ಗಿಂತ ಜಾಸ್ತಿ. ಇವೂ ಓರೆ ಪಿನ್‌ನವೇ, ಹಾಗಾಗಿ ಹೋಲ್ಡರ್ ಹೇಗೂ ಬದಲಿಸಬೇಕು. 800ಕ್ಕೆ ಇಷ್ಟೆಲ್ಲ ಬೇಕಾ ಅಂತ ಕೇಳಿದರೆ, ನನಗೇನೋ ಬೇಡ ಅನ್ನಿಸುತ್ತದೆ. ಕಾರು ನಿಮ್ಮದು.

ಎಲ್‌ಇಡಿ ಬಗ್ಗೆ ನಿಮ್ಮ ಗ್ಯಾರೇಜಿನವರು ಹೇಳಿದ್ದು ಅಷ್ಟು ಸುಲಭವಾಗಿ ಮುಗಿಯುವ ಮಾತಲ್ಲ. ನಿಮ್ಮ ಕಾರಿನ ಫ್ಲಾಶರ್ ಹಳೆಯ ಬಲ್ಬ್‌ಗಳ ಲೋಡಿಗೆ ಅಂತ ಮಾಡಿದ್ದು. ಮುಂದೆ 21, ಹಿಂದೆ 21, ಪಕ್ಕದಲ್ಲಿ ಚಿಕ್ಕದಿದ್ದರೆ ಇನ್ನು 5 ವ್ಯಾಟ್. ಎಲ್‌ಇಡಿ ಎಳೆಯುವುದು ಒಂದೆರಡು ವ್ಯಾಟ್. ಬಲ್ಬ್ ಸುಟ್ಟಿದೆ ಅಂತ ಫ್ಲಾಶರ್ ತಿಳಿದುಕೊಳ್ಳುತ್ತದೆ, ಟಿಕ್ ಟಿಕ್ ಟಿಕ್ ಅಂತ ಓಡಲು ಶುರುಮಾಡುತ್ತದೆ. ಕೆಲವು ಫ್ಲಾಶರ್‌ಗಳು ಮಿನುಗುವುದೇ ಇಲ್ಲ. ಇದನ್ನು ಸರಿಪಡಿಸಲು ಹಲವರು ಸುಮ್ಮನೆ ಕರೆಂಟ್ ಎಳೆದು ಲೋಡ್ ತೋರಿಸುವ ರೆಸಿಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 6 ಓಮ್, 50 ವ್ಯಾಟ್‌ನದ್ದು. ಎಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ ಅಂದುಕೊಳ್ಳಿ. ಇಂಡಿಕೇಟರ್ ಹೊತ್ತಿದ ಪ್ರತಿ ಸಲ ಆ ರೆಸಿಸ್ಟರ್ ಸುಮಾರು 33 ವ್ಯಾಟ್ ಶಾಖ ಮಾಡುತ್ತದೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಹಾಕಿ ಹತ್ತು ನಿಮಿಷ ರಸ್ತೆ ಬದಿ ನಿಂತರೆ ಅದು ಕಾದು, ಪಕ್ಕದ ವೈರನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸಬಹುದು. ಎಲ್‌ಇಡಿ ಹಾಕಲೇಬೇಕು ಅಂತಿದ್ದರೆ ಲೋಡ್ ನೋಡದ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿಸಿ, ರೆಸಿಸ್ಟರ್ ಬೇಡ.

ಆದರೂ ನಾನು ಬೇಡ ಅನ್ನುವುದು ಬೇರೆ ಕಾರಣಕ್ಕೆ. ನಿಮ್ಮ ಇಂಡಿಕೇಟರ್ ರಿಫ್ಲೆಕ್ಟರ್ ಒಂದು ಸಣ್ಣ ಫಿಲಮೆಂಟ್ ಎಲ್ಲಿರುತ್ತದೆ ಅನ್ನುವ ಲೆಕ್ಕದ ಮೇಲೆ ಮಾಡಿದ್ದು. ಎಲ್‌ಇಡಿ ಬಲ್ಬ್‌ನಲ್ಲಿ ಚುಕ್ಕಿಗಳು ಸುತ್ತಲೂ ಅಂಟಿಸಿರುತ್ತವೆ. ಬೆಳಕು ನೇರ ನಿಂತು ನೋಡಿದರೆ ಜೋರಾಗಿ ಕಾಣಬಹುದು, ಪಕ್ಕಕ್ಕೆ ಸರಿದರೆ ಮಂಕು. ಇಂಡಿಕೇಟರ್ ಮುಖ್ಯವಾಗಿ ಬೇಕಾಗುವುದು ಪಕ್ಕದ ಲೇನ್‌ನವರಿಗೆ, ಅಡ್ಡ ಬರುವ ಬೈಕಿನವರಿಗೆ. ಜೊತೆಗೆ, ಕಾರಿನ ಹಿಂಭಾಗದ ಕಿತ್ತಳೆ ಗ್ಲಾಸಿಗೆ ಯಾರಾದರೂ ಬಿಳಿ ಎಲ್‌ಇಡಿ ಹಾಕಿದರೆ ಒಪ್ಪಬೇಡಿ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ನೀಲಿ ಜಾಸ್ತಿ. ಕಿತ್ತಳೆ ಗ್ಲಾಸ್ ಆ ನೀಲಿಯನ್ನೆಲ್ಲ ತಡೆದುಬಿಡುತ್ತದೆ, ಹೊರಗೆ ಬರುವುದು ಸಪ್ಪೆ ಹಳದಿ.

ಹೊಸ ಹೋಲ್ಡರ್, ಸರಿಯಾದ ಬಲ್ಬ್ ಹಾಕಿದ ಮೇಲೂ ಬೆಳಕು ಮಂಕಿದ್ದರೆ ಗ್ಲಾಸನ್ನು ಬೈಯಬೇಡಿ, ಅರ್ಥ್ ನೋಡಿ, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಮೂವತ್ತು ವರ್ಷದ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಅದರ ಮೇಲೆ. ಬಲ್ಬಿನ ಬೆಳಕು ವೋಲ್ಟೇಜ್ ಜೊತೆ ಸಮಸಮ ಇಳಿಯುವುದಿಲ್ಲ, ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ 10 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 30 ಶೇಕಡಾ ಹೋಗುತ್ತದೆ. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಲ್ಬಿನ ಬುಡದ ಲೋಹಕ್ಕೆ ಹಿಡಿದು ಇಂಡಿಕೇಟರ್ ಹಾಕಿ. ದೀಪ ಹೊತ್ತಿದಾಗ ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟ್ ಕೂಡ ಸಣ್ಣಗೆ ಮಿನುಗಿದರೆ ಮೀಟರ್ ಕೂಡ ಬೇಡ, ಅದೇ ಸಾಕ್ಷಿ. ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿ ಬಿಗಿ ಮಾಡಿ.

ಕೆಲಸ ಮುಗಿದ ಮೇಲೆ ಎರಡು ಪರೀಕ್ಷೆ. ವಾಚ್ ಹಿಡಿದು 15 ಸೆಕೆಂಡ್ ಎಣಿಸಿ. 15ರಿಂದ 30 ಸಲ ಮಿನುಗಿದರೆ ಸರಿ. ಎಡ ಬಲ ಎರಡೂ ಒಂದೇ ವೇಗದಲ್ಲಿರಬೇಕು. ಎರಡನೆಯದು ಬಿಸಿಲಿನ ಪರೀಕ್ಷೆ. ಸಂಜೆ ನೆಲಮಂಗಲದ ಕಡೆಯಿಂದ ತುಮಕೂರಿಗೆ ಬರುವಾಗ ಇಳಿಬಿಸಿಲು ಕಾರಿನ ಮೂತಿಗೇ ಹೊಡೆಯುತ್ತದೆ. ಬಿಳಿ ಗ್ಲಾಸಿನ ಒಳಗಿನ ಕನ್ನಡಿ ಆ ಬಿಸಿಲನ್ನು ಬೆಳ್ಳಗೆ ವಾಪಸ್ ಎಸೆಯುತ್ತದೆ. ಆಗ ಕಿತ್ತಳೆ ಮಿನುಗು ತೊಳೆದುಹೋದ ಹಾಗೆ ಕಾಣುತ್ತದೆ. ಇದು ಬಿಳಿ ಗ್ಲಾಸಿನ ಹುಟ್ಟುಗುಣ, ಕಂಪನಿ ಗಾಡಿಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಡೂಪ್ಲಿಕೇಟ್ ಗ್ಲಾಸಿನಲ್ಲಿ ಜಾಸ್ತಿ. ಸಂಜೆ ಕಾರನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಮೂವತ್ತು ನಲವತ್ತು ಹೆಜ್ಜೆ ದೂರ ಹೋಗಿ ನೋಡಿ. ಸ್ವಲ್ಪ ಪಕ್ಕಕ್ಕೂ ಸರಿದು ನೋಡಿ. ಮಿನುಗುವುದು ಗೊತ್ತಾಗದಿದ್ದರೆ ಆ ಗ್ಲಾಸ್ ನಿಮಗೆ ಬೇಡ, ಎಷ್ಟೇ ಚೆಂದ ಇದ್ದರೂ ಸರಿ.

ಈಗ ನಿಮ್ಮ ಸ್ನೇಹಿತರ ಸೆಡಾನ್. ಇದು ಬೇರೆಯೇ ಕೆಲಸ. ನಿಮ್ಮದು ಒಂದೆರಡು ಸ್ಕ್ರೂ ಬಿಚ್ಚಿ ಹಾಕುವ ಬಿಡಿ ಗ್ಲಾಸ್. ಅವರದ್ದು ಹೆಡ್‌ಲೈಟ್, ಪಾರ್ಕಿಂಗ್, ಇಂಡಿಕೇಟರ್ ಮೂರೂ ಒಂದೇ ಡೂಮ್‌ನಲ್ಲಿ, ಅಂದರೆ ಒಂದೇ ಮುಚ್ಚಿದ ಡಬ್ಬಿಯಲ್ಲಿ. ಮುಂದಿನ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹಿಂದಿನ ಮನೆಗೆ ಅಂಟಿಸಿ ಮುಚ್ಚಿರುತ್ತಾರೆ.

ಓವನ್‌ಗೆ ಇಡುವ ಮೊದಲು ಟಾರ್ಚ್ ಹಿಡಿದು ಆ ಕಿತ್ತಳೆ ತುಂಡನ್ನು ಸರಿಯಾಗಿ ನೋಡಲು ಹೇಳಿ. ಅದು ನಯವಾದ ಬರೀ ಬಣ್ಣದ ಹೊದಿಕೆಯೇ, ಇಲ್ಲ ಅದರ ಮೇಲೆ ಗೆರೆಗಳು, ಚೌಕುಳಿಗಳು ಇವೆಯೇ? ಗೆರೆಗಳಿದ್ದರೆ ಬೆಳಕನ್ನು ಅಕ್ಕಪಕ್ಕ ಹರಡುವ ಕೆಲಸ ಆ ತುಂಡಿನದ್ದೇ. ಕಿತ್ತು ಎಸೆದರೆ ಹೆಡ್‌ಲೈಟ್ ಸ್ವಚ್ಛವಾಗಿ ಕಾಣುತ್ತದೆ, ಆದರೆ ಇಂಡಿಕೇಟರ್ ಬೆಳಕು ಒಂದು ಕಡೆ ಗುಡ್ಡೆ ಬಿದ್ದು ಇನ್ನೊಂದು ಕಡೆ ಕತ್ತಲಾಗುತ್ತದೆ. ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಯಾಕಂದ್ರೆ ಕ್ಯಾಮೆರಾ ನೇರ ಮುಂದೆ ಇರುತ್ತದೆ. ಗೆರೆ ಇರುವ ತುಂಡಾದರೆ ಈ ಆಸೆ ಬಿಟ್ಟುಬಿಡುವುದು ಒಳ್ಳೆಯದು, ಇಲ್ಲವೇ ಅದೇ ಗೆರೆಯ ಬಿಳಿ ತುಂಡು ಸಿಗುತ್ತದಾ ನೋಡಬೇಕು.

ನಯವಾದ ಹೊದಿಕೆಯೇ ಆಗಿದ್ದರೆ ಮುಂದಿನ ಪ್ರಶ್ನೆ ಅಂಟು. ಹಲವು ಹೆಡ್‌ಲೈಟ್‌ಗಳಲ್ಲಿ ಬ್ಯುಟೈಲ್ ಅನ್ನುವ ಕಪ್ಪು ರಬ್ಬರಿನಂಥ ಅಂಟು ಇರುತ್ತದೆ. ಅದು ಶಾಖಕ್ಕೆ ಮೆತ್ತಗಾಗುತ್ತದೆ, ತಣ್ಣಗಾದರೆ ಮತ್ತೆ ಹಿಡಿಯುತ್ತದೆ. ಇನ್ನು ಕೆಲವಕ್ಕೆ ಒಂದು ಸಲ ಗಟ್ಟಿಯಾದರೆ ಮತ್ತೆ ಕರಗದ ಅಂಟು. ಅಂಥದ್ದನ್ನು ಎಷ್ಟು ಬಿಸಿ ಮಾಡಿದರೂ ಬಿಡುವುದಿಲ್ಲ, ಕೊನೆಗೆ ಪ್ಲಾಸ್ಟಿಕ್ ಒಡೆಯುತ್ತದೆ. ಅಂಚಿನಲ್ಲಿ ಉಗುರಿನಿಂದ ಒತ್ತಿ ನೋಡಿ. ಮೇಣದ ಹಾಗೆ ಗುರುತು ಬಿದ್ದರೆ ಬ್ಯುಟೈಲ್. ಗಟ್ಟಿಯಿದ್ದರೆ ಕೈಬಿಡಿ.

ಬಿಸಿ ಎಷ್ಟು? ಬ್ಯುಟೈಲ್ ಸಡಿಲಾಗಲು ಸುಮಾರು 80ರಿಂದ 90 ಡಿಗ್ರಿ ಸಾಕು. ಮುಂದಿನ ಗ್ಲಾಸ್ ಪಾಲಿಕಾರ್ಬೊನೇಟ್, ಅದು 140 ಡಿಗ್ರಿ ದಾಟುವವರೆಗೆ ತಡೆದುಕೊಳ್ಳುತ್ತದೆ. ಆದರೆ ಒಳಗಿನ ಅಲಂಕಾರದ ಭಾಗಗಳು ಎಬಿಎಸ್ ಅನ್ನುವ ಪ್ಲಾಸ್ಟಿಕ್ ಆಗಿದ್ದರೆ 100ರ ಆಸುಪಾಸಿಗೇ ಸೊಟ್ಟಗಾಗಲು ಶುರು. ಅಂದರೆ ನಿಮಗೆ ಸಿಗುವ ಅವಕಾಶ ಬಹಳ ಕಿರಿದು. ಮನೆಯ ಸಣ್ಣ ಓವನ್‌ನಲ್ಲಿ ಕಾರಿನ ಹೆಡ್‌ಲೈಟ್ ಹಿಡಿಸುವುದೂ ಇಲ್ಲ, ಹಿಡಿಸಿದರೂ ಕೆಂಪಗೆ ಕಾಯುವ ಕಡ್ಡಿ ಪ್ಲಾಸ್ಟಿಕ್ಕಿಗೆ ತೀರಾ ಹತ್ತಿರ. ಪರಿಚಯದ ಬೇಕರಿಯವರ ಓವನ್ ಕೇಳೋಣ ಅಂತ ಐಡಿಯಾ ಬಂದರೆ ದಯವಿಟ್ಟು ಬೇಡ. ಅದರ ಬಿಸಿ ಬ್ರೆಡ್ಡಿಗೆ ಲೆಕ್ಕ ಮಾಡಿದ್ದು, ಹೆಡ್‌ಲೈಟ್ ಅಷ್ಟಕ್ಕೆ ಉಳಿಯುವುದಿಲ್ಲ. ಆಮೇಲೆ ಆ ಬನ್ ತಿನ್ನುವವರೂ ನಾವೇ. ಹೀಟ್ ಗನ್‌ನಿಂದ ಅಂಚಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಕಾಯಿಸುತ್ತಾ, ಕೈ ನಿಲ್ಲಿಸದೆ ಸುತ್ತು ಬರುವುದು ನಿಧಾನ, ಆದರೆ ಅಪಾಯ ಕಡಿಮೆ. ಅದಕ್ಕೂ ಮೊದಲು ಬ್ಯಾಟರಿ ಮೈನಸ್ ತೆಗೆದಿರಬೇಕು. ಎಲ್ಲ ಬಲ್ಬ್, ರಬ್ಬರ್ ಮುಚ್ಚಳ, ಕ್ಲಿಪ್, ಸ್ಕ್ರೂ ತೆಗೆದಿರಬೇಕು. ಒಂದು ಸ್ಕ್ರೂ ಮರೆತು ಎಳೆದು ಕಿವಿ ಮುರಿದುಕೊಂಡ ಹೆಡ್‌ಲೈಟ್‌ಗಳೇ ಗುಜರಿಯಲ್ಲಿ ಜಾಸ್ತಿ.

ಬಿಚ್ಚಿದ ಮೇಲೆ ಒಳಗಿನ ಹೊಳೆಯುವ ಭಾಗವನ್ನು ಮುಟ್ಟಲೇಬೇಡಿ. ಅದು ಪ್ಲಾಸ್ಟಿಕ್ ಮೇಲೆ ಕೂರಿಸಿದ ಅತೀ ತೆಳುವಾದ ಅಲ್ಯೂಮಿನಿಯಂ ಪದರ. ಧೂಳಿದೆ ಅಂತ ಬಟ್ಟೆಯಿಂದ ಒರೆಸಿದರೆ ಧೂಳಿನ ಜೊತೆ ಕನ್ನಡಿಯೂ ಹೋಗುತ್ತದೆ. ಊದಿ ಬಿಡಿ, ಅಷ್ಟು ಸಾಕು. ಮುಂದಿನ ಗ್ಲಾಸಿಗೆ ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ. ಪಾಲಿಕಾರ್ಬೊನೇಟ್ ಅದನ್ನು ಸಹಿಸುವುದಿಲ್ಲ, ಒಳಗೊಳಗೇ ಸಣ್ಣ ಬಿರುಕುಗಳು ಏಳುತ್ತವೆ.

ವಾಪಸ್ ಮುಚ್ಚುವಾಗ ಹೊಸ ಬ್ಯುಟೈಲ್ ಪಟ್ಟಿಯನ್ನೇ ಹಾಕಿ, ಮತ್ತೆ ಬಿಸಿ ಮಾಡಿ, ಸುತ್ತಲೂ ಸಮನಾಗಿ ಒತ್ತಿ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರುತ್ತದಲ್ಲ, ಆ ಜಾತಿಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಡಬ್ಬಿಯೊಳಗೆ ಆ ಆವಿ ಕನ್ನಡಿ ಪದರವನ್ನು ತಿನ್ನುತ್ತದೆ. ಹೆಡ್‌ಲೈಟ್ ಹಿಂದೆ ಸಣ್ಣ ಗಾಳಿ ಕೊಳವೆಗಳಿರುತ್ತವೆ, ಅವನ್ನು ಮುಚ್ಚಬೇಡಿ. ಬಲ್ಬ್ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಆರಿದಾಗ ಕುಗ್ಗಿ ಒಳಗೆ ಎಳೆದುಕೊಳ್ಳುತ್ತದೆ. ಕೊಳವೆ ಮುಚ್ಚಿದರೆ ಆ ಗಾಳಿ ಅಂಟಿನ ಸಂದಿಯಿಂದ ದಾರಿ ಹುಡುಕುತ್ತದೆ, ಮಳೆ ಬರುತ್ತಿದ್ದರೆ ನೀರನ್ನೂ ಕರೆದುಕೊಂಡು ಬರುತ್ತದೆ. ಮುಚ್ಚಿದ ಮೇಲೆ ಅಂಚಿಗೆಲ್ಲ ಸೋಪಿನ ನೀರು ಹಚ್ಚಿ, ಉಳಿದ ತೂತು ಬೆರಳಿನಿಂದ ಮುಚ್ಚಿ, ಒಂದು ಕೊಳವೆಯಿಂದ ಮೆತ್ತಗೆ ಊದಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ತುಮಕೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು, ಈ ಕೆಲಸ ಮಾಡುವವರು ಅದಕ್ಕೆ ಮುಂಚೆ ಮುಗಿಸಲಿ. ಬೆಳಗಿನ ಜಾವ ಒಳಗೆ ತೆಳುವಾಗಿ ಮಂಜು ಕೂತು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ತಳದಲ್ಲಿ ನೀರು ನಿಂತರೆ ಮತ್ತೆ ಬಿಚ್ಚಬೇಕು.

ಎರಡು ಫಿಲಮೆಂಟ್ ಇರುವ ಒಂದೇ ಬಲ್ಬ್ ಪಾರ್ಕಿಂಗ್‌ಗೂ ಇಂಡಿಕೇಟರ್‌ಗೂ ಕೆಲಸ ಮಾಡುವ ಗಾಡಿಗಳೂ ಉಂಟು. ಅಲ್ಲಿ ಕಿತ್ತಳೆ ಬಲ್ಬ್ ಹಾಕಿದರೆ ಪಾರ್ಕಿಂಗ್ ಲೈಟ್ ಕೂಡ ಕಿತ್ತಳೆಯಾಗುತ್ತದೆ. ಕಾರಿನ ಮುಂದಿನ ಪಾರ್ಕಿಂಗ್ ಲೈಟ್ ಬಿಳಿಯೇ ಇರಬೇಕು. ಸ್ನೇಹಿತರ ಕಾರಿನಲ್ಲಿ ಹಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಲಿ.

ನನ್ನನ್ನು ಕೇಳಿದರೆ ಬಿಚ್ಚುವ ಬದಲು, ಅದೇ ಮಾಡೆಲ್‌ಗೆ ಆಮೇಲಿನ ವರ್ಷಗಳಲ್ಲಿ ಬಿಳಿ ಇಂಡಿಕೇಟರ್ ಇರುವ ಹೆಡ್‌ಲೈಟ್ ಬಂದಿದ್ದರೆ ಆ ಜೋಡಿಯನ್ನೇ ತಂದು ಹಾಕಲಿ. ವೈರ್ ಸಿಕ್ಕಿಸುವ ಕಪ್ಲರ್ ಹೊಂದುತ್ತದಾ ನೋಡಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ಹೊರದೇಶದ್ದು ತರಿಸುವುದಾದರೆ ಒಂದು ಎಚ್ಚರಿಕೆ. ನಾವು ರಸ್ತೆಯ ಎಡಗಡೆ ಓಡಿಸುವವರು, ನಮ್ಮ ಡಿಮ್ ಲೈಟ್ ಎಡಕ್ಕೆ ಸ್ವಲ್ಪ ಎತ್ತರ ಬೀಳುತ್ತದೆ. ಅಮೆರಿಕ, ಜರ್ಮನಿಯಂಥ ಬಲಗಡೆ ಓಡಿಸುವ ದೇಶದ್ದು ತಂದರೆ ಆ ಎತ್ತರದ ಬೆಳಕು ನೇರ ಎದುರಿನವರ ಕಣ್ಣಿಗೆ. ಯುರೋಪಿನ ಗುರುತು ಇರುವ ಹೆಡ್‌ಲೈಟ್ ಗ್ಲಾಸಿನ ಮೇಲೆ, ವೃತ್ತದೊಳಗಿನ ಇ ಅಕ್ಷರದ ಹತ್ತಿರ, ಸಣ್ಣ ಬಾಣ ಹುಡುಕಿ. ಹೆಡ್‌ಲೈಟ್ ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಗಡೆ ಓಡಿಸುವ ದೇಶಕ್ಕೆ ಮಾಡಿದ್ದು, ನಮಗೆ ಸರಿ. ಎರಡೂ ಕಡೆ ಬಾಣವಿದ್ದರೆ ಎರಡಕ್ಕೂ ನಡೆಯುತ್ತದೆ. ಬಾಣವೇ ಇಲ್ಲದಿದ್ದರೆ ಬಲಗಡೆಯವರದ್ದು, ಬೇಡ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳನ್ನು ಹಿಡಿಯಲು ವಿಶೇಷ ಕಾರ್ಯಾಚರಣೆಯನ್ನೇ ಮಾಡಿದ್ದರು, ನೆನಪಿರಲಿ.

ಹೆಡ್‌ಲೈಟ್ ಒಮ್ಮೆ ಕೈಗೆ ಬಂದರೆ, ವಾಪಸ್ ಕೂರಿಸಿದ ಮೇಲೆ ಅದರ ಬೆಳಕು ಬೀಳುವ ಎತ್ತರ ಸರಿಮಾಡಲೇಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಡಿಮ್ ಲೈಟಿನ ಮೇಲಂಚು ಹೆಡ್‌ಲೈಟಿನ ನಡುವಿನ ಎತ್ತರಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಟೈರ್‌ನಲ್ಲಿ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇರದಿರಲಿ.

ಕೊನೆಗೆ ನಿಮ್ಮ ಆರ್‌ಸಿ. ಖಾಸಗಿ ಕಾರಿಗೆ ಮೊದಲ 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಗಾಡಿ ತಪಾಸಣೆ ಇದ್ದೇ ಇರುತ್ತದೆ. ಇನ್ಸ್‌ಪೆಕ್ಟರ್ ಇಂಡಿಕೇಟರ್ ಹಾಕಿ ಅನ್ನುತ್ತಾರೆ. ಕಿತ್ತಳೆ ಬಂದರೆ ಮುಂದಿನದಕ್ಕೆ ಹೋಗುತ್ತಾರೆ. ಬಿಳಿ ಬಂದರೆ ಸರಿಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ, ಆ ದಿನ ಹೋಯಿತು. ಹೋಲ್ಡರ್, ಬಲ್ಬ್ ಕೆಲಸ ಅಷ್ಟರೊಳಗೆ ಆಗದಿದ್ದರೆ ಹಳೆಯ ಕಿತ್ತಳೆ ಗ್ಲಾಸಿನಲ್ಲೇ ಗಾಡಿ ತೋರಿಸಿ, ಬಿಳಿಯದ್ದು ಆಮೇಲೆ ಹಾಕಿಸಿ. ಆ ಹಳೆಯ ಜೋಡಿಯನ್ನು ಮಾತ್ರ ಗುಜರಿಗೆ ಕೊಡಬೇಡಿ. ಆ ಕಾಲದ ಕಂಪನಿ ಗ್ಲಾಸ್ ಇನ್ನು ಮುಂದೆ ಸಿಗುವುದು ಕಷ್ಟ. ಮಾಸಿದ್ದು ಮೇಲುಪದರ ಅಷ್ಟೇ ಆಗಿದ್ದರೆ, 2000 ನಂಬರಿನ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ) ಉಜ್ಜಿ ಪಾಲಿಶ್ ಹಾಕಿದರೆ ಬಹುಪಾಲು ಹೊಳಪು ವಾಪಸ್ ಬರುತ್ತದೆ. ಹಾಗೆ ಮಾಡಿ ನಿಮ್ಮ ತಂದೆಯವರಿಗೆ ಒಮ್ಮೆ ತೋರಿಸಿ, ಅವರಿಗೆ ಯಾವುದು ಇಷ್ಟವೋ ಕೇಳಿ.